ಗಾಳ ಹಾಕುವ ದಿನ ಗೊತ್ತುಮಾಡುವ ಬಗೆ: ಮೊದಲು ಮಳೆ, ಆಮೇಲೆ ಗಾಳಿ, ಕೊನೆಗೆ ತಿಥಿ

ಕೆರೆಗೋ ಹೊಳೆಗೋ ಗಾಳ ಹಿಡಿದು ಹೋಗುವವರಲ್ಲಿ ಬಹುಪಾಲು ಜನ ತಮಗೆ ರಜೆ ಇರುವ ದಿನವನ್ನು ನೋಡುತ್ತಾರೆ, ಮೀನಿಗೆ ಹಸಿವಾಗುವ ದಿನವನ್ನು ನೋಡುವುದಿಲ್ಲ. ರಜೆಯನ್ನು ನಾವು ಬದಲಿಸಲಾರೆವು, ನಿಜ. ಆದರೆ ತಿಂಗಳಿನ ನಾಲ್ಕು ಭಾನುವಾರಗಳಲ್ಲಿ ಯಾವುದನ್ನು ಆರಿಸಬೇಕು, ಆ ದಿನ ಯಾವ ನೀರಿಗೆ ಹೋಗಬೇಕು, ಯಾವ ದಡದಲ್ಲಿ ಯಾವ ಹೊತ್ತಿಗೆ ಕೂರಬೇಕು ಎಂಬುದು ನಮ್ಮ ಕೈಯಲ್ಲೇ ಇದೆ. ಇದಕ್ಕೆ ಬೇಕಾದ ಮುಖ್ಯ ಪಟ್ಟಿ ನಮ್ಮ ಮನೆಯ ಗೋಡೆಯ ಮೇಲೆ ಆಗಲೇ ತೂಗುಬಿದ್ದಿದೆ. ಪಂಚಾಂಗದ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರವೂ ಇದೆ, ತಿಥಿಯೂ ಇದೆ. ಇವೆರಡರಲ್ಲಿ ಗಾಳ ಹಾಕುವವರು ಹೆಚ್ಚಾಗಿ ನೋಡುವುದು ತಿಥಿಯನ್ನು, ಅಂದರೆ ಹುಣ್ಣಿಮೆ ಅಮಾವಾಸ್ಯೆಗಳನ್ನು. ಹಲವು ವರ್ಷ ದಡದಲ್ಲಿ ಕುಳಿತು ಬರೆದಿಟ್ಟ ಲೆಕ್ಕದಿಂದ ನನಗೆ ಖಚಿತವಾಗಿರುವುದು ಇದಕ್ಕೆ ತಿರುವುಮುರುವಾದ ಕ್ರಮ: ಮಳೆಯ ಕಾಲವೇ ಮುಖ್ಯ, ನೀರಿನ ಮಟ್ಟ ಮತ್ತು ಆ ವಾರದ ಹವೆ ಅದರ ನಂತರ, ಚಂದ್ರ ಎಲ್ಲಕ್ಕಿಂತ ಕೊನೆಗೆ.

ಹೋಗಬಾರದ ನೀರು

ಯೋಜನೆ ಮಾಡುವ ಮೊದಲು ಕೆಲವು ನೀರುಗಳನ್ನು ಪಟ್ಟಿಯಿಂದ ತೆಗೆದುಹಾಕಬೇಕು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗೆ ಗಾಳ ಹಾಕುವಂತಿಲ್ಲ. ಒಂದು ಕಾಲಕ್ಕೆ ಗಾಳದ ಶಿಬಿರಗಳಿಗೆ ಹೆಸರಾಗಿದ್ದ ಭೀಮೇಶ್ವರಿ, ಗಾಳಿಬೋರೆಗಳ ಕಾವೇರಿ ಹರಿವು ಇಂದು ಅದೇ ಕಾರಣಕ್ಕೆ ಮುಚ್ಚಿದೆ. ಅಲ್ಲಿನ ಬಿಳಿಮೀನು, ಅಂದರೆ ಬೆನ್ನುಬ್ಬಿದ ಮಹಶೀರ್, ಕಾವೇರಿ ಕಣಿವೆಯನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಬದುಕಿಲ್ಲ, ಮತ್ತು 2018ರಿಂದ ಅದು ಅಳಿವಿನ ಅಂಚಿನ ಅತಿ ಗಂಭೀರ ವರ್ಗದಲ್ಲಿದೆ. ಬೇರೆ ಜಾಗದಲ್ಲಿ ಅಕಸ್ಮಾತ್ ಗಾಳಕ್ಕೆ ಸಿಕ್ಕರೂ ಅದನ್ನು ನೀರಿನಲ್ಲಿಟ್ಟೇ ಕೊಕ್ಕೆ ಬಿಡಿಸಿ ಕಳಿಸಬೇಕು. ಶೃಂಗೇರಿಯ ತುಂಗೆ, ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆ, ಶಿಶಿಲದ ಕಪಿಲಾ, ರಾಮನಾಥಪುರದ ಕಾವೇರಿ ಇವುಗಳಲ್ಲಿ ದೇವರ ಮೀನುಗಳಿವೆ. ಆ ಜಾಗಗಳಲ್ಲಿ ನಿಂತು ನೋಡುವುದಷ್ಟೇ. ಉಳಿದ ಕೆರೆಗಳಲ್ಲಿ ಹೆಚ್ಚಿನವು ಗುತ್ತಿಗೆಗೆ ಹೋಗಿರುತ್ತವೆ. ಮೀನುಮರಿಯನ್ನು ದುಡ್ಡು ಕೊಟ್ಟು ತಂದು ಬಿಟ್ಟವರು ಗುತ್ತಿಗೆದಾರರು ಅಥವಾ ಮೀನುಗಾರರ ಸಹಕಾರ ಸಂಘದವರಾದ್ದರಿಂದ, ಅವರ ಒಪ್ಪಿಗೆ ಕೇಳದೆ ಗಾಳ ಬಿಡುವುದು ಅವರ ಹೊಲಕ್ಕೆ ಇಳಿದು ತೆನೆ ಮುರಿದಂತೆಯೇ ಸರಿ.

ಮಳೆ ನಕ್ಷತ್ರಗಳ ಲೆಕ್ಕ

ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13 ಅಥವಾ 14 ದಿನ ಇರುವುದರಿಂದ ಮಳೆ ನಕ್ಷತ್ರಗಳ ತಾರೀಖು ವರ್ಷದಿಂದ ವರ್ಷಕ್ಕೆ ಹೆಚ್ಚು ಕದಲುವುದಿಲ್ಲ. ಬೇಸಾಯಗಾರರಿಗೆ ಇದು ಬಿತ್ತನೆಯ ಪಟ್ಟಿ. ಗಾಳದವರಿಗೂ ಇದಕ್ಕಿಂತ ಅನುಕೂಲವಾದ ಪಟ್ಟಿ ಇನ್ನೊಂದಿಲ್ಲ.

ಏಪ್ರಿಲ್ ಕೊನೆಯ ಭರಣಿಯಿಂದ ಮೇ ತಿಂಗಳ ಕೃತ್ತಿಕೆಯವರೆಗೆ ಬೀಳುವುದು ಗುಡುಗಿನ ಮಳೆ. ಬಯಲುಸೀಮೆಯ ಕೆರೆಗಳು ಈ ಹೊತ್ತಿಗೆ ತಳ ಕಂಡಿರುತ್ತವೆ, ಹೊಳೆಗಳು ಮಡುಗಳಾಗಿ ಒಡೆದಿರುತ್ತವೆ. ಮಡುವಿನಲ್ಲಿ ಮೀನು ಒತ್ತಾಗಿ ಸೇರಿರುವುದರಿಂದ ಹಿಡಿಯುವುದು ಸುಲಭವೆನಿಸಿದರೂ, ಅವು ಉಸಿರಿಗೇ ಒದ್ದಾಡುತ್ತಿರುವ ಮೀನುಗಳು. ಮುಂದಿನ ವರ್ಷದ ಹೊಳೆಗೆ ಸಂತಾನ ಕೊಡಬೇಕಾದವುಗಳೂ ಅವೇ ಆದ್ದರಿಂದ, ಪೂರಾ ಕಡಿದುಹೋದ ಮಡುಗಳಿಗೆ ನಾನು ಗಾಳ ಬಿಡುವುದಿಲ್ಲ. ಈ ಕಾಲದಲ್ಲಿ ಹೋಗಲೇಬೇಕೆಂದರೆ ಆಳವಾದ ಜಲಾಶಯದ ದಡಕ್ಕೆ ಹೋಗಿ, ಬೆಳಗಿನ ಮೊದಲ ಎರಡು ತಾಸು ಮಾತ್ರ ಕುಳಿತು ಬರಬೇಕು.

ಜೂನ್ 8ರ ಹೊತ್ತಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರೆ. ಮೊದಲ ಹೊಸನೀರು ಇಳಿದ ಕೂಡಲೇ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುತ್ತವೆ. ಮಲೆನಾಡಿನಲ್ಲಿ ಇದೇ ಹತ್ತುಮೀನು. ರಾತ್ರಿ ಬ್ಯಾಟರಿ ಹಿಡಿದು ಹತ್ತುಮೀನು ಕಡಿಯುವ ಸಂಭ್ರಮವನ್ನು ಬಾಲ್ಯದಲ್ಲಿ ಕಂಡವರು ಅದನ್ನು ಬಿಡಲು ಒಪ್ಪುವುದಿಲ್ಲ ಎಂದು ನನಗೆ ಗೊತ್ತು. ಆದರೂ ಹೇಳಲೇಬೇಕು, ಹೊಟ್ಟೆ ತುಂಬಿದ ಒಂದು ಮೀನನ್ನು ಕಡಿದಾಗ ಅದರೊಂದಿಗೆ ಸಾವಿರಾರು ಮೊಟ್ಟೆಗಳೂ ಹೋಗುತ್ತವೆ. ಮುಂಗಾರಿನ ಈ ಮರಿಯಿಡುವ ಕಾಲದಲ್ಲಿ ನದಿ ಮತ್ತು ಜಲಾಶಯಗಳಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸುವ ಆದೇಶಗಳೂ ಹೊರಡುತ್ತವೆ. ಆಯಾ ವರ್ಷದ ತಾರೀಖನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೆ, ಅಂದರೆ ಆಗಸ್ಟ್ ಮಧ್ಯದವರೆಗೆ, ಮಲೆನಾಡಿನ ಯಾವ ಹೊಳೆಯೂ ಗಾಳದ ಜಾಗವಲ್ಲ. ನೀರು ಕೆಂಪಾಗಿರುತ್ತದೆ, ರಭಸವಾಗಿರುತ್ತದೆ, ಮೀನಿಗೂ ಮನುಷ್ಯನಿಗೂ ಅದು ಬೇರೆ ಕೆಲಸದ ಕಾಲ. ಕೆರೆಯಲ್ಲಿ ಕೊರಮೀನು ತನ್ನ ಕೆಂಪು ಮರಿಗಳ ಗುಂಪನ್ನು ಕಾಯುತ್ತಾ ನೀರಿನ ಮೇಲ್ಭಾಗದಲ್ಲಿ ತಿರುಗುವುದೂ ಮಳೆಗಾಲದಲ್ಲೇ. ಸಿಟ್ಟಿನಲ್ಲಿರುವ ಆ ತಾಯಿತಂದೆಗಳು ಕಪ್ಪೆಯಂತಹ ಯಾವುದನ್ನು ಕಂಡರೂ ಹಾಯುತ್ತವೆ. ಆ ಸಲೀಸನ್ನು ಬಳಸಿಕೊಳ್ಳಬೇಡಿ. ಕಾವಲು ತಪ್ಪಿದ ಮರಿಗಳು ಒಂದೇ ದಿನದಲ್ಲಿ ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ.

ಬಯಲುಸೀಮೆಯ ಕೆರೆಗಳ ನಿಜವಾದ ಸುಗ್ಗಿ ಸೆಪ್ಟೆಂಬರ್ 13ರ ಸುಮಾರಿನ ಉತ್ತರೆಯಿಂದ ಆರಂಭವಾಗಿ ಹಸ್ತ, ಚಿತ್ತೆ, ಸ್ವಾತಿಗಳನ್ನು ದಾಟಿ ನವೆಂಬರಿನ ವಿಶಾಖೆಯವರೆಗೆ ಇರುತ್ತದೆ. ದಕ್ಷಿಣ ಒಳನಾಡಿನ ಕೆರೆಗಳು ತುಂಬುವುದು ಹೆಚ್ಚಾಗಿ ಈ ಹಿಂಗಾರಿನಲ್ಲೇ. ನೀರು ಹೊಸ ದಡಗಳಿಗೆ ಏರಿ, ಒಣಗಿದ್ದ ಹುಲ್ಲು ಮುಳುಗಿ, ಎರೆಹುಳು ಮತ್ತು ಕೀಟಗಳು ನೀರಿಗೆ ಬಿದ್ದಾಗ ಮೀನುಗಳು ದಡಕ್ಕೆ ಬಂದು ಮೇಯುತ್ತವೆ. ನೀರಿನ ಬಿಸಿಯೂ ಅವಕ್ಕೆ ಹಿತವಾಗಿರುತ್ತದೆ. ವರ್ಷಕ್ಕೆ ಆರು ಬಾರಿ ಮಾತ್ರ ಹೋಗಲು ಸಾಧ್ಯವಿರುವವರಿಗೆ ನನ್ನ ಸಲಹೆ, ನಾಲ್ಕನ್ನು ಈ ಎರಡು ತಿಂಗಳಿಗೂ ಮಿಕ್ಕ ಕಾಲಕ್ಕೇ ಇಡಿ.

ಡಿಸೆಂಬರ್ ಮತ್ತು ಜನವರಿಯಲ್ಲಿ ಕಾಟ್ಲಾ, ರೋಹುಗಳ ಮೇವು ಇಳಿಯುತ್ತದೆ. ಬೀದರ್, ವಿಜಯಪುರಗಳ ಕಡೆ ರಾತ್ರಿಯ ಚಳಿಗೆ ಆಳವಿಲ್ಲದ ಕೆರೆಗಳು ಬೇಗ ತಣ್ಣಗಾಗುವುದರಿಂದ ಇದು ಅಲ್ಲಿ ಎದ್ದು ಕಾಣುತ್ತದೆ. ಚಳಿಗಾಲದಲ್ಲಿ ನಸುಕಿಗೆ ಏಳುವ ಅಗತ್ಯವಿಲ್ಲ. ಬಿಸಿಲು ಬಿದ್ದು ನೀರು ಕಾದ ಮಧ್ಯಾಹ್ನದ 12ರಿಂದ 4ರವರೆಗೆ, ಬಿಸಿಲು ನೇರವಾಗಿ ಬೀಳುವ ತೆಳುನೀರಿನ ದಡದಲ್ಲಿ ಕೂರಬೇಕು. ಚಳಿಯನ್ನು ಹೆಚ್ಚು ತಡೆಯುವ ಸಾಮಾನ್ಯ ಗೆಂಡೆ ಈ ಕಾಲದ ಮೀನು. ಫೆಬ್ರುವರಿ, ಮಾರ್ಚ್‌ಗಳಲ್ಲಿ ಹೊಳೆಗಳು ತಿಳಿಯಾಗಿ ಇನ್ನೂ ಹರಿಯುತ್ತಿರುವಾಗ ಹೊಳೆಯ ಗಾಳಕ್ಕೆ ಒಳ್ಳೆಯ ಕಾಲ.

ಮಟ್ಟ, ಒಳಹರಿವು, ಹೊರಹರಿವು

ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಜಲಾಶಯಗಳ ಮಟ್ಟವನ್ನು ಮುದ್ರಿಸುತ್ತವೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಲಿಂಗನಮಕ್ಕಿಯದು 1,819 ಅಡಿ, ತುಂಗಭದ್ರಾ ಜಲಾಶಯದ್ದು 1,633 ಅಡಿ ಎಂಬುದನ್ನು ರೈತರಂತೆ ಗಾಳದವರೂ ನೆನಪಿಡಬೇಕು. ನಾವು ನೋಡಬೇಕಾದದ್ದು ಆ ದಿನದ ಅಂಕಿಯನ್ನಲ್ಲ, ಒಂದು ವಾರದ ಅಂಕಿಗಳ ನಡಿಗೆಯನ್ನು. ನೀರು ನಿಧಾನವಾಗಿ ಏರುತ್ತಿದ್ದರೆ ಮೀನು ದಡದ ಹೊಸ ಹುಲ್ಲಿಗೆ ಬರುತ್ತದೆ. ಮೂರು ನಾಲ್ಕು ದಿನ ಒಂದೇ ಮಟ್ಟದಲ್ಲಿ ನಿಂತಿದ್ದರೆ ಅದು ಇನ್ನೂ ಒಳ್ಳೆಯದು. ನಾಲೆಗೆ ನೀರು ಬಿಟ್ಟು ಮಟ್ಟ ದಿನದಿನವೂ ಇಳಿಯುತ್ತಿದ್ದರೆ ಮೀನು ದಡವನ್ನು ನಂಬದೆ ಆಳದ ಅಂಚಿಗೆ ಸರಿಯುತ್ತದೆ, ಆಗ ಉದ್ದಕ್ಕೆ ಎಸೆಯಬೇಕು ಅಥವಾ ಬೇರೆ ನೀರನ್ನು ಹುಡುಕಬೇಕು.

ಹೊರಹರಿವಿನ ಅಂಕಿ ಪ್ರಾಣದ ಪ್ರಶ್ನೆ. ಒಮ್ಮೆ ಒಂದು ಅಣೆಕಟ್ಟಿನಿಂದ ಸಾಕಷ್ಟು ಕೆಳಗೆ, ಹೊಳೆ ನಡುವಿನ ಬಂಡೆಯ ಮೇಲೆ ನಾನು ಕುಳಿತಿದ್ದಾಗ, ಆಕಾಶ ಪೂರಾ ತಿಳಿಯಾಗಿದ್ದರೂ ಕಾಲ ಬಳಿಯ ಗುರುತಿನ ಕಲ್ಲು ಹತ್ತು ನಿಮಿಷದಲ್ಲಿ ಮುಳುಗಿತು. ದಡಕ್ಕೆ ಬರುವಾಗ ನೀರು ಸೊಂಟದವರೆಗಿತ್ತು. ಅಂದಿನಿಂದ, ಜಲಾಶಯ ತುಂಬಲು ಎರಡು ಮೂರು ಅಡಿ ಮಾತ್ರ ಉಳಿದಿರುವಾಗ ಅಥವಾ ಮೇಲಿನ ಜಿಲ್ಲೆಯಲ್ಲಿ ಜೋರು ಮಳೆಯ ಸುದ್ದಿ ಇರುವಾಗ ಅಣೆಕಟ್ಟಿನ ಕೆಳಗಿನ ಹೊಳೆಗೆ ನಾನು ಇಳಿಯುವುದಿಲ್ಲ. ಬೇರೆ ದಿನಗಳಲ್ಲೂ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು, ಕಾಲು ಗಂಟೆಗೊಮ್ಮೆ ಅದನ್ನು ನೋಡುತ್ತೇನೆ. ಬೇಸಿಗೆಯಲ್ಲಿ ನೀರು ಇಳಿದಾಗ ಬೇರೊಂದು ಎಚ್ಚರ ಬೇಕು: ಕಾವೇರಿ, ತುಂಗಭದ್ರಾ, ಕೃಷ್ಣಾ ಮತ್ತು ಕಾಳಿ ನದಿಗಳಲ್ಲಿ ಮೊಸಳೆಗಳಿವೆ, ಮತ್ತು ನಾವು ಕೂರಲು ಆರಿಸುವ ಮರಳ ದಿಬ್ಬವೇ ಅವು ಬಿಸಿಲು ಕಾಯಿಸುವ ಜಾಗ.

ನೀರಿನ ಬಣ್ಣವನ್ನು ಅಲ್ಲಿಗೆ ಹೋಗಿಯೇ ನೋಡಬೇಕು. ತೋಳನ್ನು ಮೊಣಕೈವರೆಗೆ ಮುಳುಗಿಸಿದಾಗ ಬೆರಳುಗಳು ಮಸುಕಾಗಿ ಕಂಡರೆ ಕೆರೆ ಹದದಲ್ಲಿದೆ. ಮಣಿಕಟ್ಟಿಗೇ ಕೈ ಕಾಣದಾದರೆ ಬಗ್ಗಡ ಹೆಚ್ಚು; ಆಗ ವಾಸನೆಯ ಮೇಲೆ ಕೆಲಸ ಮಾಡುವ ಎರೆಹುಳು, ಕಡಲೆಕಾಯಿ ಹಿಂಡಿ ಬೆರೆಸಿದ ಉಂಡೆಗಳನ್ನು ತಳಕ್ಕೆ ಇಳಿಸಿ ಬಾಳೆಮೀನು, ಗೆಂಡೆಗಳಿಗೆ ಕಾಯುವುದು ಮೇಲು. ತೋಳು ಪೂರ್ತಿ ಕಾಣುವಷ್ಟು ತಿಳಿಯಿದ್ದರೆ ತೆಳುವಾದ ತಂಗೂಸಿ (ಗಾಳದ ನೈಲಾನ್ ದಾರ), ಸಣ್ಣ ಕೊಕ್ಕೆ, ಮತ್ತು ನೀರಿನ ಮೇಲೆ ನೆರಳು ಬೀಳದಂತೆ ಕೂರುವುದು ಅವಶ್ಯ.

ಆ ದಿನದ ಹವೆ

ನಸುಕಿನ ಹೊತ್ತೇ ಯಾವಾಗಲೂ ಉತ್ತಮ ಎಂಬ ಮಾತು ಹೊಳೆಗೆ ಸರಿ, ಎಲ್ಲ ಕೆರೆಗಳಿಗೂ ಸರಿಯಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯದು ಸುಮಾರು ಏಳೂವರೆ ಮಾತ್ರ ಹಿಡಿಯುತ್ತದೆ. ಇದರ ಜೊತೆಗೆ, ಪಾಚಿ ಮತ್ತು ಜೊಂಡು ತುಂಬಿದ ಕೆರೆಯಲ್ಲಿ ಹಗಲಿಡೀ ಆಮ್ಲಜನಕ ಕೊಟ್ಟ ಸಸ್ಯಗಳೇ ರಾತ್ರಿಯಿಡೀ ಅದನ್ನು ಉಸಿರಾಡಿ ಮುಗಿಸುತ್ತವೆ. ಹಾಗಾಗಿ ಹಸಿರು ಕೆರೆಯಲ್ಲಿ ಮೀನಿಗೆ ಅತ್ಯಂತ ಕಷ್ಟದ ಹೊತ್ತು ಸೂರ್ಯೋದಯಕ್ಕೆ ಸ್ವಲ್ಪ ಮುಂಚಿನದು. ಮೋಡ ಮುಚ್ಚಿದ ಎರಡು ಮೂರು ದಿನಗಳ ನಂತರವಂತೂ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಾಡುವುದನ್ನು ಕಾಣಬಹುದು. ಮೀನು ಮೇಲೆ ಆಡುತ್ತಿದೆ ಎಂದು ಸಂತೋಷಪಟ್ಟು ಗಾಳ ಎಸೆದರೆ ಒಂದೂ ಮುಟ್ಟುವುದಿಲ್ಲ. ಅಂಥ ಕೆರೆಗೆ ಬಿಸಿಲೇರಿದ ಮೇಲೆ, ಏಳೂವರೆ ಎಂಟರ ನಂತರ, ಅಥವಾ ಸಂಜೆ ನಾಲ್ಕರ ನಂತರ ಹೋಗಬೇಕು.

ಗಾಳಿಯನ್ನು ಜನ ದೂರುತ್ತಾರೆ, ನಾನು ಹುಡುಕಿಕೊಂಡು ಹೋಗುತ್ತೇನೆ. ಗಾಳಿ ನೀರಿನ ಮೇಲ್ಪದರವನ್ನೂ ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನೂ ಎದುರಿನ ದಡಕ್ಕೆ ತಳ್ಳುತ್ತದೆ, ಅಲೆಗಳು ನೀರಿಗೆ ಆಮ್ಲಜನಕ ಬೆರೆಸುತ್ತವೆ, ತಳದ ಮಣ್ಣು ಕಲಕುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಕೆರೆಯ ಪೂರ್ವ, ಈಶಾನ್ಯ ದಡ. ಹಿಂಗಾರಿನಲ್ಲಿ ಗಾಳಿ ತಿರುಗುವುದರಿಂದ ಪಶ್ಚಿಮ, ನೈಋತ್ಯ ದಡ. ಮುಖಕ್ಕೆ ಗಾಳಿ ಹೊಡೆಯುವ ದಡದಲ್ಲಿ ಎಸೆಯುವುದು ಕಷ್ಟ, ಬೆಂಡು ಕುಣಿಯುತ್ತದೆ, ಆದರೆ ಮೀನು ಅಲ್ಲಿರುತ್ತದೆ. ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಕಾಟ್ಲಾಕ್ಕೆ ತೌಡು ಮತ್ತು ಹಿಂಡಿಯ ಸಡಿಲ ಉಂಡೆಯನ್ನು ಮೇಲ್ಪದರದ ಹತ್ತಿರ, ರೋಹುವಿಗೆ ನಡುನೀರಿನಲ್ಲಿ, ಮೃಗಾಲ್ ಮತ್ತು ಗೆಂಡೆಗೆ ತಳದಲ್ಲಿ ಬಿಡಬೇಕು.

ವಾಯುಭಾರದ ಬಗ್ಗೆ ಈಗ ಮೊಬೈಲಿನಲ್ಲಿ ಗೆರೆ ನೋಡಿ ಹೊರಡುವವರು ಹೆಚ್ಚಾಗಿದ್ದಾರೆ. ಅವರಿಗೆ ಎರಡು ಸಂಗತಿ ತಿಳಿದಿರಲಿ. ನಮ್ಮ ಉಷ್ಣವಲಯದಲ್ಲಿ ಹವೆ ಬದಲಾಗದಿದ್ದರೂ ವಾಯುಭಾರ ದಿನಕ್ಕೆ ಎರಡು ಬಾರಿ ತಾನಾಗಿಯೇ ಏರಿಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿ, ನಸುಕು ಮತ್ತು ಸಂಜೆ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಮಧ್ಯಾಹ್ನದ ಇಳಿತವನ್ನು ಮಳೆಯ ಸೂಚನೆಯೆಂದು ತಿಳಿಯಬಾರದು. ಇಂದಿನ ಹತ್ತು ಗಂಟೆಯ ಅಂಕಿಯನ್ನು ನಿನ್ನೆಯ ಹತ್ತು ಗಂಟೆಯ ಅಂಕಿಯೊಂದಿಗೆ ಹೋಲಿಸಬೇಕು. ಎರಡನೆಯದಾಗಿ, ವಾಯುಭಾರ 5 ಹೆಕ್ಟೋಪಾಸ್ಕಲ್ ಇಳಿದರೆ ಮೀನಿನ ಮೈಮೇಲಿನ ಒತ್ತಡದಲ್ಲಿ ಆಗುವ ಬದಲಾವಣೆ, ಅದು ನೀರಿನಲ್ಲಿ 5 ಸೆಂಟಿಮೀಟರ್ ಮೇಲೇರಿದರೆ ಆಗುವಷ್ಟೇ. ಮಳೆಗೆ ಮುಂಚೆ ಮೀನು ಚುರುಕಾಗುವುದು ನಿಜವಾದರೂ, ಅದಕ್ಕೆ ಮೋಡದಿಂದ ಬೆಳಕು ಕುಗ್ಗುವುದು, ಗಾಳಿ ಏಳುವುದು, ಕೀಟಗಳು ತಗ್ಗಿ ಹಾರುವುದು ಹೆಚ್ಚು ಕಾರಣವೆಂದು ನನ್ನ ಎಣಿಕೆ. ಆದರೆ ಸಿಡಿಲಿನ ಭಯವಿರುವ ಭರಣಿ ಕೃತ್ತಿಕೆಗಳ ಕಾಲದಲ್ಲಿ ಮತ್ತು ಚಿತ್ತೆ ಸ್ವಾತಿಗಳಲ್ಲಿ ಆ ಚುರುಕಿನ ಆಸೆಗೆ ಕೂತಲ್ಲೇ ಕೂರಬಾರದು. ಇಂದಿನ ಕಾರ್ಬನ್ ರಾಡುಗಳು ವಿದ್ಯುತ್ತನ್ನು ಹರಿಸುತ್ತವೆ, ಬಯಲಿನ ಕೆರೆ ಏರಿಯ ಮೇಲೆ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ರಾಡನ್ನು ನೆಲಕ್ಕಿಟ್ಟು ಕಟ್ಟಡಕ್ಕೋ ಕಾರಿನೊಳಗೋ ಹೋಗಬೇಕು. ಒಂಟಿ ಮರದ ಬುಡಕ್ಕಲ್ಲ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್, ಹೋಬಳಿಯ ಮಳೆಯ ಮಾಹಿತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇವೆ.

ಚಂದ್ರ

ಕಡಲಿನ ಮೀನುಗಾರರಿಗೆ ಹುಣ್ಣಿಮೆ ಅಮಾವಾಸ್ಯೆ ಎಂದರೆ ದೊಡ್ಡ ಉಬ್ಬರವಿಳಿತ. ಕೆರೆಯಲ್ಲಿ ಉಬ್ಬರವಿಲ್ಲ, ಅಲ್ಲಿ ಚಂದ್ರನ ಪ್ರಭಾವ ಮುಖ್ಯವಾಗಿ ಬೆಳಕಿನ ಮೂಲಕ ಬರುತ್ತದೆ. ಇದಕ್ಕೆ ನಾನು ಓದಿದ ಅತ್ಯುತ್ತಮ ಉದಾಹರಣೆ ಆಫ್ರಿಕಾದ ಜಾಂಬೆಜಿ ನದಿಯ ಕಾಹೊರಾ ಬಾಸಾ ಜಲಾಶಯದ್ದು, 1986ರಲ್ಲಿ ಪ್ರಕಟವಾದದ್ದು. ನೀರಿನ ಸೂಕ್ಷ್ಮಜೀವಿಗಳು ಕತ್ತಲಾದ ಮೇಲೆ ಮೇಲ್ಪದರಕ್ಕೆ ಏರುತ್ತವೆ. ಹುಣ್ಣಿಮೆ ಕಳೆದ ಮೊದಲ ಕೆಲವು ರಾತ್ರಿಗಳಲ್ಲಿ ಸೂರ್ಯ ಮುಳುಗಿದ ಒಂದೆರಡು ತಾಸಿನ ನಂತರ ಚಂದ್ರ ಹುಟ್ಟುವುದರಿಂದ, ಕತ್ತಲೆಯನ್ನು ನಂಬಿ ಮೇಲೆ ಬಂದ ಜೀವಿಗಳು ಬೆಳದಿಂಗಳಿನಲ್ಲಿ ಸಿಕ್ಕಿಬೀಳುತ್ತವೆ, ಸಣ್ಣ ಮೀನುಗಳು ಅವನ್ನು ಹಬ್ಬದೂಟದಂತೆ ತಿನ್ನುತ್ತವೆ. ಬಹುಳ ಚೌತಿಯ ಸಂಕಷ್ಟಿಯಂದು ರಾತ್ರಿ ಒಂಬತ್ತರವರೆಗೆ ಚಂದ್ರನಿಗೆ ಕಾಯುವ ಮನೆಗಳಿಗೆ ಈ ತಡವಾದ ಚಂದ್ರೋದಯ ಚೆನ್ನಾಗಿ ಗೊತ್ತು. ನಮ್ಮ ಜಲಾಶಯಗಳಲ್ಲಿ ರಾತ್ರಿ ಗಾಳಕ್ಕೆ ಅನುಮತಿ ಇರುವ ಕಡೆ, ಬಹುಳ ಬಿದಿಗೆಯಿಂದ ಚೌತಿಯವರೆಗೆ ಚಂದ್ರೋದಯದ ಮುಂದಿನ ಒಂದು ತಾಸನ್ನು ನಾನು ಬಿಡುವುದಿಲ್ಲ. ಕತ್ತಲನ್ನು ಇಷ್ಟಪಡುವ ಚೇಳುಮೀನು, ಬಾಳೆಮೀನು, ಹಾವುಮೀನುಗಳಿಗೆ ಅಮಾವಾಸ್ಯೆಯ ಹತ್ತಿರದ ರಾತ್ರಿಗಳು ಸೂಕ್ತ. ಹುಣ್ಣಿಮೆಯ ರಾತ್ರಿಯಿಡೀ ಮೇಯ್ದ ಮೀನು ಮರುದಿನ ಬೆಳಿಗ್ಗೆ ಮಂಕಾಗಿರುವುದನ್ನೂ ಹಲವು ಬಾರಿ ಕಂಡಿದ್ದೇನೆ.

ಇದಲ್ಲದೆ, ಚಂದ್ರ ನೆತ್ತಿಯ ಮೇಲಿರುವಾಗ ಮತ್ತು ನೆಲದ ಕೆಳಗೆ ನೇರವಾಗಿರುವಾಗ ಮೀನು ಹೆಚ್ಚು ಮೇಯುತ್ತದೆ ಎಂಬ ಲೆಕ್ಕವೊಂದಿದೆ. 1926ರಲ್ಲಿ ಅಮೆರಿಕದ ಜಾನ್ ಆಲ್ಡನ್ ನೈಟ್ ರೂಪಿಸಿದ್ದು. ಇಂದಿನ ಮೀನಿನ ಆ್ಯಪ್‌ಗಳಲ್ಲಿ ಹಲವು ಅದನ್ನೇ ತೋರಿಸುತ್ತವೆ. ಪಂಚಾಂಗ ಇದ್ದವರಿಗೆ ಆ್ಯಪ್ ಬೇಡ. ಅಮಾವಾಸ್ಯೆಯಿಂದ ಎಣಿಸಿದ ತಿಥಿಯ ಸಂಖ್ಯೆಯನ್ನು 48 ನಿಮಿಷದಿಂದ ಗುಣಿಸಿ, ಮಧ್ಯಾಹ್ನ 12ಕ್ಕೆ ಕೂಡಿಸಿದರೆ ಚಂದ್ರ ನೆತ್ತಿಗೆ ಬರುವ ಅಂದಾಜು ಹೊತ್ತು ಸಿಗುತ್ತದೆ. ಹುಣ್ಣಿಮೆ ಹದಿನೈದನೆಯದು, ಆದ್ದರಿಂದ 12 ತಾಸು ಕೂಡಿ ನಡುರಾತ್ರಿ. ಬಹುಳ ದಶಮಿ ಇಪ್ಪತ್ತೈದನೆಯದು, ಆದ್ದರಿಂದ 20 ತಾಸು ಕೂಡಿ ಬೆಳಿಗ್ಗೆ 8. ಅದಕ್ಕೆ ಸುಮಾರು ಹನ್ನೆರಡೂವರೆ ತಾಸು ಹಿಂದೆ ಮುಂದೆ ಚಂದ್ರ ನೆಲದ ಕೆಳಗಿರುತ್ತಾನೆ. ಈ ಹೊತ್ತುಗಳು ಸೂರ್ಯೋದಯ ಅಥವಾ ಸೂರ್ಯಾಸ್ತದ ಹತ್ತಿರ ಬಿದ್ದಾಗ ನನ್ನ ಪುಸ್ತಕದಲ್ಲಿ ಫಲ ಚೆನ್ನಾಗಿದೆ. ಸುಡುಬಿಸಿಲಿನ ನಡುಹಗಲಿಗೆ ಬಿದ್ದಾಗ ಯಾವ ವ್ಯತ್ಯಾಸವೂ ಕಂಡಿಲ್ಲ. ಆದ್ದರಿಂದ ನೀರು, ಹವೆ ಎರಡರಲ್ಲೂ ಸಮನಾದ ದಿನಗಳಲ್ಲಿ ಒಂದನ್ನು ಆರಿಸಲು ಮಾತ್ರ ಇದನ್ನು ಬಳಸುತ್ತೇನೆ.

ಒಂದು ಉದಾಹರಣೆ

ಬಯಲುಸೀಮೆಯ ಮಧ್ಯಮ ಗಾತ್ರದ, ಅಂಚಿನಲ್ಲಿ ಜೊಂಡಿರುವ ಒಂದು ಕೆರೆ. ಕಾಲ ಸ್ವಾತಿ ಮಳೆ. ದೀಪಾವಳಿಯ ನಂತರದ ಎರಡು ಭಾನುವಾರಗಳು ಕೈಯಲ್ಲಿವೆ, ಒಂದು ಶುದ್ಧ ತದಿಗೆ, ಇನ್ನೊಂದು ಶುದ್ಧ ದಶಮಿ. ಮೊದಲ ಭಾನುವಾರಕ್ಕೆ ಎರಡು ದಿನ ಮುಂಚೆ ಮೇಲಿನ ಊರುಗಳಲ್ಲಿ ಜೋರು ಮಳೆಯಾಗಿ ಕೆರೆ ಕೋಡಿ ಬಿದ್ದಿದೆ ಎಂದು ಗುತ್ತಿಗೆದಾರರು ಫೋನಿನಲ್ಲಿ ಹೇಳುತ್ತಾರೆ. ನೀರು ಕೆಂಪಾಗಿರುವುದು ಖಚಿತವಾದ್ದರಿಂದ ತಿಥಿ ನೋಡುವ ಪ್ರಶ್ನೆಯೇ ಬರುವುದಿಲ್ಲ, ಆ ವಾರ ಬಿಡುತ್ತೇನೆ. ಎರಡನೆಯ ವಾರ ಮಳೆ ನಿಂತು ನಾಲ್ಕು ದಿನವಾಗಿದೆ, ಕೋಡಿ ಸಣ್ಣಗೆ ಹರಿಯುತ್ತಿದೆ, ಬಿಸಿಲು ಬಂದಿದೆ, ಈಶಾನ್ಯದ ತೆಳುಗಾಳಿ ಇದೆ. ದಶಮಿಯಂದು ಚಂದ್ರ ನೆತ್ತಿಗೆ ಬರುವುದು ರಾತ್ರಿ 8ಕ್ಕೆ, ನೆಲದ ಕೆಳಗಿರುವುದು ಬೆಳಿಗ್ಗೆ ಏಳೂವರೆಗೆ. ಇದು ಬೋನಸ್ಸಿನಂತೆ ಒದಗಿಬಂದದ್ದು. ಜೊಂಡಿನ ಕೆರೆಯಾದ್ದರಿಂದ ಐದೂವರೆಗೆ ಓಡುವುದಿಲ್ಲ. ಆರೂಕಾಲಿಗೆ ಹೋಗಿ ನೈಋತ್ಯದ ದಡದಲ್ಲಿ, ಹೊಸನೀರು ಹುಲ್ಲಿಗೆ ಏರಿದ ಅಂಚಿನಿಂದ ಎರಡು ಮಾರು ಆಚೆ ತೌಡು ಹಿಂಡಿಯ ಉಂಡೆಗಳನ್ನು ಎಸೆದು ಮೇವು ಕಟ್ಟುತ್ತೇನೆ. ಏಳೂವರೆಯಿಂದ ಒಂದು ಗಾಳವನ್ನು ತಳಕ್ಕೆ, ಇನ್ನೊಂದನ್ನು ಬೆಂಡು ಕಟ್ಟಿ ನಡುನೀರಿಗೆ ಬಿಡುತ್ತೇನೆ. ಹತ್ತೂವರೆಗೆ ಗಾಳಿ ನಿಂತು ಬಿಸಿಲು ನೇರವಾದ ಮೇಲೆ ತಂಗೂಸಿಯ ತುಂಡುಗಳನ್ನೆಲ್ಲ ಹೆಕ್ಕಿ ಚೀಲಕ್ಕೆ ಹಾಕಿ, ನೀರಿನ ಬಣ್ಣ, ಗಾಳಿಯ ದಿಕ್ಕು, ಮಳೆ ನಕ್ಷತ್ರ, ತಿಥಿ, ಮೀನು ಮುಟ್ಟಿದ ಹೊತ್ತು ಇಷ್ಟನ್ನೂ ದಡದಲ್ಲೇ ಬರೆದು, ಹಿಡಿದದ್ದನ್ನು ಗುತ್ತಿಗೆದಾರರಿಗೆ ತೋರಿಸಿ ತೂಕ ಹಾಕಿಸಿ ಹೊರಡುತ್ತೇನೆ.